ಚಳಿಗಾಲದ ಪಾರ್ಕ್ ಪ್ರವಾಸ: ಟಿಕೆಟಿಗೆ ಮುಂಚೆ ಮಗುವಿನ ಎತ್ತರ ಅಳೆಯಿರಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಥೀಮ್ ಪಾರ್ಕಿಗೆ ಹೊರಡುವವರು ಬಹಳ ಸಲ ಒಂದೇ ತಪ್ಪು ಮಾಡುತ್ತಾರೆ. ರಾತ್ರಿ ಬಸ್ಸೋ ಹಂಪಿ ಎಕ್ಸ್‌ಪ್ರೆಸ್ಸೋ ಹತ್ತುವುದು, ಬೆಳಗ್ಗೆ ಇಳಿದು ಎಲ್ಲೋ ಒಂದು ಕಡೆ ಮುಖ ತೊಳೆಯುವುದು, ಹನ್ನೊಂದಕ್ಕೆ ಪಾರ್ಕಿನ ಗೇಟಿನ ಮುಂದೆ ನಿಲ್ಲುವುದು. ಒಂದು ದಿನದ ಲಾಡ್ಜ್ ಬಾಡಿಗೆ ಉಳಿಯಿತು ಎಂಬ ಲೆಕ್ಕ ಅದು. ಮಧ್ಯಾಹ್ನ ಎರಡಕ್ಕೆ ಮಗು ಹಠ ಹಿಡಿದು ನೆಲಕ್ಕೆ ಕೂತಾಗ ಲೆಕ್ಕ ತಪ್ಪುತ್ತದೆ. ಪೂರಾ ದಿನದ ಟಿಕೆಟ್ ಕೊಂಡು ಅರ್ಧ ದಿನ ಮಲಗಿದ ಮಗುವನ್ನು ಹೆಗಲ ಮೇಲೆ ಹೊತ್ತು ತಿರುಗಬೇಕಾಗುತ್ತದೆ.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಆಟಗಳ ಪಟ್ಟಿ ಆಮೇಲೆ ನೋಡಿದರಾಯಿತು. ಮೊದಲು ನೋಡಬೇಕಾದದ್ದು ಮಗುವಿನ ಎತ್ತರ, ಅದರ ಹಿಂದಿನ ರಾತ್ರಿಯ ನಿದ್ದೆ.

ಎತ್ತರ

ದೊಡ್ಡ ಪಾರ್ಕುಗಳಲ್ಲಿ ವಯಸ್ಸಿಗಿಂತ ಎತ್ತರವೇ ಮುಖ್ಯ. ಬೆಂಗಳೂರು, ಹೈದರಾಬಾದಿನ ವಂಡರ್‌ಲಾ ಪಾರ್ಕುಗಳಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಕಿಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಟಿಕೆಟ್. ಜೋರಿನ ಆಟಗಳಲ್ಲಿ ಹೆಚ್ಚಿನವು 140 ದಾಟಿದವರಿಗೆ ಮಾತ್ರ.

ಎರಡು ವರ್ಷದ ಮಗು ಸಾಮಾನ್ಯವಾಗಿ 86-87 ಸೆಂ.ಮೀ. ಇರುತ್ತದೆ, ಐದು ವರ್ಷಕ್ಕೆ 110, ಏಳಕ್ಕೆ 120ರ ಆಸುಪಾಸು. ಹತ್ತು ವರ್ಷದ ಮಗುವೂ 138ರ ಸುತ್ತ ಇದ್ದು, ಗೆರೆಯ ಕೆಳಗೇ ಉಳಿಯಬಹುದು. ಅಂದರೆ ಜಾಹೀರಾತಿನಲ್ಲಿ ಕಾಣುವ ತಲೆಕೆಳಗಾಗುವ ಆಟಗಳು ನಿಮ್ಮ ಮಕ್ಕಳಿಗಲ್ಲ. ಇದನ್ನು ಊರಲ್ಲೇ ಹೇಳಿಬಿಡಿ. ಮೊಬೈಲಿನಲ್ಲಿ ರೋಲರ್ ಕೋಸ್ಟರ್ ವಿಡಿಯೊ ತೋರಿಸಿ ಆಸೆ ಹುಟ್ಟಿಸಿ, ಅಲ್ಲಿ ಅಳತೆ ಕೋಲಿನ ಹತ್ತಿರ ವಾಪಸ್ ಕಳಿಸಿದರೆ ಅಳುವ ಮಗುವಿನ ತಪ್ಪೇನೂ ಇಲ್ಲ.

ಅಳೆಯುವ ಕ್ರಮ: ಚಪ್ಪಲಿ ತೆಗೆಸಿ ಹಿಮ್ಮಡಿ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ. ಹುಡುಗಿಗೆ ಜುಟ್ಟು ಕಟ್ಟಿದ್ದರೆ ಬಿಚ್ಚಿ. ಗಟ್ಟಿ ರಟ್ಟಿನ ಪುಸ್ತಕವನ್ನು ತಲೆಯ ಮೇಲೆ ಗೋಡೆಗೆ ಒತ್ತಿ ಹಿಡಿದು, ಅದರ ಕೆಳ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಟೇಪಿನಿಂದ ಅಳೆಯಿರಿ. ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಗಿಂತ ತುಸು ಹೆಚ್ಚೇ ಇರುತ್ತದೆ. ಹಾಗಾಗಿ ಗೆರೆಯ ಹತ್ತಿರದ ಮಕ್ಕಳನ್ನು ಎರಡು ಸಲ ಅಳೆಯಿರಿ. 139 ಇದ್ದ ಮಗುವಿಗೆ ದಪ್ಪ ಅಟ್ಟೆಯ ಶೂ ಹಾಕಿ ದಾಟಿಸುವ ಬುದ್ಧಿವಂತಿಕೆ ಬೇಡ. ಸುರಕ್ಷತಾ ಪಟ್ಟಿ, ಬಾರುಗಳು ಆ ಎತ್ತರದ ಮೈಗೆ ಕೂರುವ ಹಾಗೆ ಮಾಡಿದವು. ಚಿಕ್ಕ ಮೈ ಅವುಗಳ ಕೆಳಗೆ ಜಾರುತ್ತದೆ.

ಎತ್ತರ ಗೊತ್ತಾದ ಮೇಲೆ ಧೈರ್ಯದ ಪರೀಕ್ಷೆ. ಅದಕ್ಕೆ ಜಾತ್ರೆಯೇ ಸಾಕು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ತೊಟ್ಟಿಲು, ತಿರುಗುವ ಕುದುರೆ, ಸಣ್ಣ ರೈಲು ಬರುತ್ತವೆ. ಅಲ್ಲಿ ಸಣ್ಣ ರೈಲಿಗೇ ಕಿರುಚಿ ಅಮ್ಮನ ಸೆರಗು ಹಿಡಿಯುವ ಮಗು ಹೈದರಾಬಾದಿನಲ್ಲಿ ಧೈರ್ಯವಂತ ಆಗುವುದಿಲ್ಲ. ಅಂಥ ಮಗು ಇದ್ದರೆ ಪ್ರವಾಸ ಒಂದು ವರ್ಷ ಮುಂದೂಡಿ. ಈ ಚಳಿಗಾಲಕ್ಕೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದ ಸಫಾರಿ, ತುಂಗಭದ್ರಾ ಅಣೆಕಟ್ಟೆಯ ತೋಟ ಸಾಕು. ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಮೂರು ವರ್ಷದೊಳಗಿನ ಮಗು ಒಂದೇ ಇರುವ ಮನೆಗೂ ಇದೇ ಮಾತು.

ಎಲ್ಲಿಗೆ

ರಾಯಚೂರಿನವರಿಗೆ ಹೈದರಾಬಾದ್ ಸುಲಭ, ಸುಮಾರು 200 ಕಿ.ಮೀ. ಶಕ್ತಿನಗರ, ಮಕ್ತಲ್, ಮೆಹಬೂಬ್‌ನಗರ, ಜಡ್ಚೆರ್ಲಾ, ಶಾದ್‌ನಗರ ದಾಟಿದರೆ ಶಂಷಾಬಾದ್. ವಂಡರ್‌ಲಾ ಇರುವುದು ರಾವಿರ್ಯಾಲದಲ್ಲಿ, ಹೊರ ವರ್ತುಲ ರಸ್ತೆಯ 13ನೇ ಎಕ್ಸಿಟ್. ಶಂಷಾಬಾದಿನಲ್ಲಿ 16ಕ್ಕೆ ಹತ್ತಿ 13ಕ್ಕೆ ಇಳಿದರಾಯಿತು, ಊರೊಳಗಿನ ಟ್ರಾಫಿಕ್ಕಿಗೆ ಕಾಲಿಡುವ ಅಗತ್ಯವೇ ಇಲ್ಲ. ಮೊಬೈಲ್ ಮ್ಯಾಪ್ ಕೆಲವೊಮ್ಮೆ ಊರೊಳಗಿನ ದಾರಿ ತೋರಿಸುತ್ತದೆ. ಕೇಳಬೇಡಿ.

ಬಳ್ಳಾರಿಯವರು ಎರಡೂ ಕಡೆಗೆ ದೂರವೇ. ಆಲೂರು, ಕರ್ನೂಲು ಮೇಲೆ ಹೈದರಾಬಾದಿಗೆ 350 ದಾಟುತ್ತದೆ. ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ 300 ಚಿಲ್ಲರೆ. ಕೊಪ್ಪಳದವರಿಗೆ ಹೊಸಪೇಟೆ, ಚಿತ್ರದುರ್ಗ ಮೇಲೆ ಬೆಂಗಳೂರು 350ರ ಮೇಲೆ. ಬೆಂಗಳೂರಿನ ವಂಡರ್‌ಲಾ ಬಿಡದಿ ಹತ್ತಿರ, ಮೈಸೂರು ರಸ್ತೆಯಲ್ಲಿ. ಕಾರಿನವರು ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಹೊರಬೀಳಬೇಕು. ಟೋಲ್ ಹೋಗುತ್ತದೆ, ಆದರೆ ಯಶವಂತಪುರದಲ್ಲಿ ಕಾರೊಳಗೆ ವಾಂತಿ ಒರೆಸುತ್ತ ನಿಲ್ಲುವುದಕ್ಕಿಂತ ಅದೇ ಅಗ್ಗ. ರೈಲಿನಲ್ಲಿ ಬಂದವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೊ ಹಿಡಿದು ಕೊನೆಯ ನಿಲ್ದಾಣ ಚಲ್ಲಘಟ್ಟಕ್ಕೆ ಹೋಗಿ, ಅಲ್ಲಿಂದ ಬಿಡದಿ ಕಡೆಯ ಬಸ್ ಅಥವಾ ಆಟೊ ನೋಡಬಹುದು.

ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ವಿಜಯವಾಡ ಹೆದ್ದಾರಿಯಲ್ಲಿದೆ, ಹೊರ ವರ್ತುಲ ರಸ್ತೆಯ 11ನೇ ಎಕ್ಸಿಟ್ ಪೆದ್ದ ಅಂಬರಪೇಟೆಯಲ್ಲಿ ಇಳಿಯಬೇಕು. ಅಲ್ಲಿ ಆಟಕ್ಕಿಂತ ಬಸ್ಸಿನಲ್ಲಿ ಕೂತು ಸೆಟ್ ನೋಡುವುದು ಹೆಚ್ಚು. ಅಜ್ಜಿ ತಾತ ಜೊತೆಗಿದ್ದರೆ ಇದೇ ವಾಸಿ. ಆದರೂ ನಡಿಗೆ ತಪ್ಪದು. ಚಿಕ್ಕ ಮಕ್ಕಳಿದ್ದರೆ ಫಂಡೂಸ್ತಾನ್ ಎಂಬ ಮಕ್ಕಳ ಆಟದ ವಿಭಾಗದ ಕಡೆ ಮೊದಲು ಹೋಗಿ. ಬೋರಾಸುರ ದೆವ್ವದ ಗುಹೆಯಂಥದ್ದು, ಆರು ವರ್ಷದೊಳಗಿನವರನ್ನು ಒಳಗೆ ಒಯ್ದರೆ ರಾತ್ರಿ ನಿಮಗೇ ನಿದ್ದೆ ಇಲ್ಲ.

ಹೈದರಾಬಾದಿನ ಸ್ನೋ ವರ್ಲ್ಡ್ ಲೋವರ್ ಟ್ಯಾಂಕ್ ಬಂಡ್ ಕಡೆ ಇದೆ. ಒಳಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ, ಆಟ ಸುಮಾರು ಒಂದು ಗಂಟೆ. ಕೋಟು, ಗ್ಲೌಸ್, ಬೂಟು ಅವರೇ ಕೊಡುತ್ತಾರೆ, ಆದರೂ ದಪ್ಪ ಕಾಲುಚೀಲ ಮನೆಯಿಂದಲೇ ಒಯ್ಯಿರಿ. ನೀರಾಟದ ದಿನವೇ ಇದನ್ನೂ ಸೇರಿಸಬೇಡಿ. ಉಬ್ಬಸ ಇರುವ ಮಗುವಿಗೆ ತಣ್ಣನೆಯ ಒಣಗಾಳಿ ಎದೆ ಬಿಗಿಸುತ್ತದೆ. ವೈದ್ಯರನ್ನು ಕೇಳದೆ ಒಳಗೆ ಕರೆದೊಯ್ಯಬೇಡಿ.

ಒಂದು ದಿನಕ್ಕೆ ಒಂದೇ ಜಾಗ. ಮೂರು ದಿನದ ಪ್ರವಾಸದಲ್ಲಿ ಎರಡು ಪಾರ್ಕ್ ಎಂದರೆ ಮಕ್ಕಳಿಗೆ ಅತಿಯಾಯಿತು.

ಯಾವ ದಿನ

ಡಿಸೆಂಬರ್ 24ರಿಂದ ಜನವರಿ 1ರವರೆಗೆ ದರ ಏರಿರುತ್ತದೆ, ಸಾಲು ಬೆಳೆದಿರುತ್ತದೆ. ಸಂಕ್ರಾಂತಿಯ ಹಿಂದುಮುಂದಿನ ವಾರ ತೆಲಂಗಾಣ, ಆಂಧ್ರದ ಶಾಲೆಗಳಿಗೆ ರಜೆ, ಆಗ ಹೈದರಾಬಾದ್ ಬೇಡವೇ ಬೇಡ. ವಾರದ ದಿನ ಖಾಲಿ ಇರುತ್ತದೆ ಎಂಬುದೂ ಅರ್ಧ ಸತ್ಯ: ನವೆಂಬರ್, ಡಿಸೆಂಬರ್ ಶಾಲಾ ಪ್ರವಾಸದ ಕಾಲ. ಹತ್ತು ಹದಿನೈದು ಶಾಲೆ ಬಸ್ಸು ಒಟ್ಟಿಗೆ ಬಂದರೆ ಮಂಗಳವಾರವೂ ಭಾನುವಾರದಂತೆ. ಆದರೆ ಆ ಬಸ್ಸುಗಳು ಬಹುಪಾಲು ಸಂಜೆ ನಾಲ್ಕರ ಸುಮಾರಿಗೆ ಹೊರಡುತ್ತವೆ, ಕೊನೆಯ ಒಂದೆರಡು ಗಂಟೆ ಸಾಲು ಕರಗುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಚಳಿಗಾಲದಲ್ಲಿ ದಸರೆಯಷ್ಟು ಉದ್ದದ ರಜೆ ಇಲ್ಲವಲ್ಲ; ಒಂದನೆ, ಎರಡನೆ ತರಗತಿಯ ಮಗುವಿಗೆ ಜನವರಿ ಕೊನೆಯಲ್ಲಿ ಎರಡು ದಿನ ರಜೆ ಕೇಳಿದರೆ ಏನೂ ಕೊಳ್ಳೆ ಹೋಗುವುದಿಲ್ಲ.

ಮೃಗಾಲಯ ಸೇರಿಸುವವರು ವಾರದ ರಜೆ ನೋಡಿಕೊಳ್ಳಿ. ಹೈದರಾಬಾದಿನ ನೆಹರೂ ಮೃಗಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟಕ್ಕೆ ಮಂಗಳವಾರ.

ದಾರಿ ಮತ್ತು ನಿದ್ದೆ

ಹಗಲಲ್ಲಿ ಹೊರಟು ಸಂಜೆ ತಲುಪಿ, ಪಾರ್ಕಿನ ಹತ್ತಿರವೇ ಉಳಿಯಿರಿ. ಬೆಂಗಳೂರಿಗಾದರೆ ಕೆಂಗೇರಿ, ಬಿಡದಿ, ರಾಮನಗರದ ಕಡೆ; ಹೈದರಾಬಾದಿಗಾದರೆ ಶಂಷಾಬಾದ್, ತುಕ್ಕುಗೂಡ ಕಡೆ. ಮಕ್ಕಳು ಒಂಬತ್ತಕ್ಕೆ ಮಲಗಿದರೆ ಮರುದಿನದ ಅರ್ಧ ಕೆಲಸ ಆದಂತೆ.

ರಾತ್ರಿ ರೈಲೇ ಗತಿ ಎಂದರೆ ಇಳಿದ ದಿನವನ್ನು ಬಿಡುವಾಗಿ ಇಡಿ. ಮೆಜೆಸ್ಟಿಕ್ ಸುತ್ತ 24 ಗಂಟೆ ಲೆಕ್ಕದ ಲಾಡ್ಜುಗಳು ಸಿಗುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಕೊಡುವ ಹೋಟೆಲು ಮಕ್ಕಳೊಂದಿಗೆ ಬೆಳಗ್ಗೆ ಇಳಿದವರಿಗೆ ಉಪಯೋಗವಿಲ್ಲ. ಕೋಣೆ ಸೇರಿ ಎರಡು ಗಂಟೆ ಮಲಗಿಸಿ, ಮಧ್ಯಾಹ್ನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನೋ ಕಬ್ಬನ್ ಪಾರ್ಕನ್ನೋ ನೋಡಿ ಬನ್ನಿ. ಪಾರ್ಕ್ ನಾಳೆಗಿರಲಿ.

ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಡಿಸೆಂಬರ್ 25ಕ್ಕೆ ಹೊರಡುವುದಾದರೆ ಅಕ್ಟೋಬರ್ 26ರ ಬೆಳಗ್ಗೆ ಎಂಟಕ್ಕೆ ಕೂರಬೇಕು. ಐದು ತುಂಬದ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಐದು ತುಂಬಿ ಹನ್ನೆರಡು ತುಂಬದ ಮಗುವಿಗೆ ಬರ್ತ್ ಇಲ್ಲದೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ತಿ ದರ. ಆರು ವರ್ಷದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಇಬ್ಬರಿಗೂ ನಿದ್ದೆಯಿಲ್ಲ, ಪೂರ್ತಿ ಕೊಟ್ಟು ಬರ್ತ್ ತೆಗೆಯಿರಿ. ರಾಯಚೂರಿನಿಂದ 2023ರ ಅಕ್ಟೋಬರಿನಲ್ಲಿ ಕೃಷ್ಣಾ, ಮೆಹಬೂಬ್‌ನಗರ ಮೇಲೆ ಹೈದರಾಬಾದಿನ ಕಾಚಿಗುಡ ನಿಲ್ದಾಣಕ್ಕೆ ರೈಲು ಶುರುವಾಗಿದೆ. ಆದರೆ ರಾವಿರ್ಯಾಲಕ್ಕೆ ಮತ್ತೆ ಊರಾಚೆ ಹೋಗಬೇಕು, ಆಟೊ ಖರ್ಚು ಸೇರಿಸಿ ಲೆಕ್ಕ ಹಾಕಿ.

ಬಸ್ಸಿನಲ್ಲಿ ಆರು ವರ್ಷದೊಳಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸಿಗೆ ಮಾತ್ರ, ಹೈದರಾಬಾದ್ ಬಸ್ಸಿನಲ್ಲಿ ಮನೆಯ ಹೆಂಗಸರಿಗೂ ಟಿಕೆಟ್ ತೆಗೆಯಬೇಕು. ವಾಂತಿ ಮಾಡುವ ಮಗುವಿಗೆ ಮುಂದಿನ ಅರ್ಧದಲ್ಲಿ ಸೀಟು ಹಿಡಿಯಿರಿ. ಹಿಂದಿನ ಗಾಲಿಯ ಮೇಲಿನ ಸೀಟು ಹೆಚ್ಚು ಕುಣಿಯುತ್ತದೆ. ಮೊಬೈಲ್ ಕೊಡಬೇಡಿ. ಕಣ್ಣು ಪರದೆಯ ಮೇಲೆ ನಿಂತು ಮೈ ಓಲಾಡಿದರೆ ಹೊಟ್ಟೆ ತೊಳಸುತ್ತದೆ.

ಕಾರಿನವರಿಗೆ ಒಂದು ಮಾತು. ಭತ್ತ ಕೊಯ್ಲಾದ ಮೇಲೆ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ರಸ್ತೆಯ ಒಂದು ಬದಿ ಭತ್ತ ಹರವಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಹಿಂದೆ ಕೆಂಪು ದೀಪವೇ ಇಲ್ಲದ ಹತ್ತಿಯ ಟ್ರ್ಯಾಕ್ಟರುಗಳು ಬೇರೆ. ಕತ್ತಲಲ್ಲಿ ಎರಡೂ ಕಾಣುವುದಿಲ್ಲ, ಬೆಳಗಿನ ಜಾವ ಮಂಜು ಇದ್ದರಂತೂ ಕೇಳುವುದೇ ಬೇಡ. ಏಳರ ಮೇಲೆ ಹೊರಟು, ಕತ್ತಲಾಗುವ ಮುಂಚೆ ತಲುಪುವಂತೆ ನೋಡಿ.

ಬುತ್ತಿಗೆ ನಮ್ಮ ಕಡೆಯ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯದು ಇಲ್ಲ: ಹಳಸುವುದಿಲ್ಲ, ಸೋರುವುದಿಲ್ಲ. ಮಕ್ಕಳಿಗೆ ಮೊಸರನ್ನ ಬೇರೆ ಡಬ್ಬಿಯಲ್ಲಿ, ಮಧ್ಯಾಹ್ನದೊಳಗೆ ಮುಗಿಸಿ.

ಬಟ್ಟೆ

ನೀರಿನ ಆಟಕ್ಕೆ ನೈಲಾನ್, ಲೈಕ್ರಾ ತರಹದ ಬಟ್ಟೆ ಮಾತ್ರ ಬಿಡುತ್ತಾರೆ. ಹತ್ತಿಯ ಬನಿಯನ್, ಚೂಡಿದಾರ್, ನೈಟಿ, ಸೀರೆ ನಡೆಯುವುದಿಲ್ಲ. ಹತ್ತಿಯ ಎಳೆ ಉದುರಿ ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದೆ, ನೆನೆದ ಬಟ್ಟೆ ಭಾರವಾಗಿ ಮೈಗೆ ಸುತ್ತಿಕೊಳ್ಳುತ್ತದೆ. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು ಹೌದು, ಆದರೆ ಜೀನ್ಸ್ ಹಾಕಿಕೊಂಡು ಕೊಳಕ್ಕಿಳಿಯಲು ಬಿಡುವುದಿಲ್ಲ. ಒಣ ಆಟಕ್ಕೂ ಅದು ಬೇಡ: ನೀರು ಸಿಡಿದು ಒದ್ದೆಯಾದರೆ ಚಳಿಗಾಲದ ಸಂಜೆಯಲ್ಲಿ ಒಣಗುವುದೇ ಇಲ್ಲ. ಪಾರ್ಕಿನಲ್ಲೂ ಈಜುಡುಪು ಸಿಗುತ್ತದೆ, ದರ ಹೆಚ್ಚು, ಅಳತೆ ಸಿಗುವ ಖಾತ್ರಿ ಇಲ್ಲ. ಊರಲ್ಲೇ ಕೊಂಡು, ಒಮ್ಮೆ ಮನೆಯಲ್ಲಿ ಬಕೆಟ್ ನೀರು ಸುರಿದು ನೋಡಿ.

ಬಣ್ಣ ಆರಿಸುವಾಗ ನೀಲಿ, ಹಸಿರು, ಬೂದು ಬಿಡಿ. ಕೊಳದ ತಳವೇ ತಿಳಿನೀಲಿ. ನೀಲಿ ಅಂಗಿಯ ಮಗು ನೀರಿನೊಳಗೆ ಎರಡು ಅಡಿ ಹೋದರೆ ಕಣ್ಣಿಗೆ ಬೀಳುವುದಿಲ್ಲ. ಕಡು ಕೇಸರಿ, ಗುಲಾಬಿ, ಕಣ್ಣು ಕುಕ್ಕುವ ಹಳದಿ ತೆಗೆದುಕೊಳ್ಳಿ. ಅಣ್ಣ ತಂಗಿ ಇಬ್ಬರಿಗೂ ಒಂದೇ ಬಣ್ಣ ಹಾಕಿದರೆ ಗುಂಪಿನಲ್ಲಿ ಹುಡುಕಲು ಇನ್ನೂ ಸುಲಭ.

ಡೈಪರ್ ಮಗುವಿಗೆ ಈಜಿನ ಡೈಪರ್ ಬೇರೆಯೇ ಬರುತ್ತದೆ. ಸಾಮಾನ್ಯ ಡೈಪರ್ ಕೊಳದ ನೀರು ಹೀರಿ ಉಬ್ಬಿ, ಒಡೆದು, ಒಳಗಿನ ಜೆಲ್ ನೀರಿಗೆ ಬೀಳುತ್ತದೆ. ಈಜಿನ ಡೈಪರ್ ಮಲ ತಡೆಯುತ್ತದೆ, ಮೂತ್ರ ತಡೆಯುವುದಿಲ್ಲ. ಆದ್ದರಿಂದ ಅದನ್ನು ನೀರಿಗಿಳಿಯುವ ಮುಂಚೆಯಷ್ಟೇ ಹಾಕಿ, ಬಸ್ಸಿನಲ್ಲಿ ಅಲ್ಲ.

ಪ್ರತಿ ಮಗುವಿಗೆ ಎರಡು ಟವೆಲ್, ಎರಡು ಜೊತೆ ಒಳಉಡುಪು, ಒಂದು ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ರಬ್ಬರ್ ಚಪ್ಪಲಿ. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ. ಲಾಕರಿನಲ್ಲಿ ಮೊಬೈಲ್ ಇಟ್ಟ ಮೇಲೆ ಯುಪಿಐ ನಡೆಯದು, ಕೊರಳಿಗೆ ಹಾಕುವ ನೀರು ಹೋಗದ ಚೀಲದಲ್ಲಿ ಸ್ವಲ್ಪ ನೋಟು ಇಟ್ಟುಕೊಳ್ಳಿ. ಸೀರೆಯುಡುವ ಅಜ್ಜಿ ಬರುವುದಾದರೆ ನೀರಿಗೆ ಇಳಿಯದೆ ದಡದಲ್ಲಿ ಕೂರುವವರು ಅವರೇ ಎಂದು ಊರಲ್ಲೇ ಮಾತಾಡಿಕೊಳ್ಳಿ. ಅಲ್ಲಿ ಹೋಗಿ ಬೇಜಾರು ಮಾಡಿಸಬೇಡಿ.

ಪಾರ್ಕಿನ ದಿನ

ಬೆಳಗಿನ ತಿಂಡಿಗೆ ಇಡ್ಲಿ, ಉಪ್ಪಿಟ್ಟು, ಬಾಳೆಹಣ್ಣು. ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಈ ಒಂದು ದಿನ ಬಿಡಿ. ಎಣ್ಣೆ ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ತಿರುಗುವ ಆಟದಲ್ಲಿ ಹೊರಬರುತ್ತದೆ. ಟಿಕೆಟ್ ಹಿಂದಿನ ದಿನವೇ ಆನ್‌ಲೈನಿನಲ್ಲಿ ತೆಗೆದು, ತೆರೆಯುವುದಕ್ಕೆ ಅರ್ಧ ಗಂಟೆ ಮುಂಚೆ ಗೇಟಿನಲ್ಲಿರಿ.

ಗೇಟ್ ಒಳಗೆ ಹೋಗುವ ಮುಂಚೆ ಆ ದಿನದ ಬಟ್ಟೆಯಲ್ಲೇ ಮಗುವಿನ ಒಂದು ಪೂರ್ತಿ ಫೋಟೊ ತೆಗೆಯಿರಿ. ಕಳೆದುಹೋದರೆ ಗಾಬರಿಯಲ್ಲಿ ಅಂಗಿಯ ಬಣ್ಣವೇ ನೆನಪಾಗುವುದಿಲ್ಲ. ಮುಂಗೈ ಒಳಭಾಗಕ್ಕೆ ಪರ್ಮನೆಂಟ್ ಮಾರ್ಕರಿನಿಂದ ಫೋನ್ ನಂಬರ್ ಬರೆಯಿರಿ, ಎಣ್ಣೆ ಸವರುವುದಕ್ಕೆ ಮುಂಚೆ. ಬಾಲ್‌ಪೆನ್ ಶಾಯಿ ನೀರಾಟದಲ್ಲಿ ಉಜ್ಜಿ ಅಳಿಸಿಹೋಗುತ್ತದೆ. ಕಳೆದುಹೋದರೆ ಯಾರ ಹತ್ತಿರ ಹೋಗಬೇಕು ಎಂದು ಅಲ್ಲಿನ ಸಿಬ್ಬಂದಿಯ ಸಮವಸ್ತ್ರ ತೋರಿಸಿಯೇ ಹೇಳಿಕೊಡಿ. ಪೊಲೀಸ್ ಮಾಮನ ಹೆದರಿಕೆ ಹಾಕಿ ಬೆಳೆಸಿದ ಮಗು ಖಾಕಿ ಕಂಡರೆ ಇನ್ನಷ್ಟು ದೂರ ಓಡುತ್ತದೆ.

ಮೊದಲ ಗಂಟೆ ಮಕ್ಕಳ ಒಣ ಆಟಗಳಿಗೆ. ದೊಡ್ಡವರು ಎಲ್ಲ ರೋಲರ್ ಕೋಸ್ಟರ್ ಕಡೆ ಓಡುವುದರಿಂದ ಮಕ್ಕಳ ವಿಭಾಗ ಆಗ ಖಾಲಿ. ಹನ್ನೆರಡಕ್ಕೇ ಊಟ ಮಾಡಿಸಿ. ಒಂದೂವರೆಗೆ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿಯಲು ಜಾಗ ಇರುವುದಿಲ್ಲ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಕೂಸಿನ ರಾಗಿ ಸರಿ, ಹಾಲಿನ ಪುಡಿ, ಬಿಸಿನೀರಿನ ಫ್ಲಾಸ್ಕ್ ಇದ್ದರೆ ಗೇಟಿನಲ್ಲೇ ಹೇಳಿ ತೋರಿಸಿ. ಚೀಲದ ತಳದಲ್ಲಿ ಅಡಗಿಸಿ ಸಿಕ್ಕಿಬಿದ್ದರೆ ಅದಕ್ಕೂ ಕತ್ತರಿ.

ಜೋರಿನ ಆಟಕ್ಕೆ ಹೋಗುವ ಆಸೆ ಅಪ್ಪ ಅಮ್ಮಂದಿರಿಗೂ ಇರುತ್ತದೆ. ಸರದಿ ಮಾಡಿಕೊಳ್ಳಿ: ಒಬ್ಬರು ಸಾಲಿನಲ್ಲಿ, ಒಬ್ಬರು ಮಕ್ಕಳೊಂದಿಗೆ.

ನೀರಿನಲ್ಲಿ

ನೀರಿಗಿಳಿಯಲು ಬಿಸಿಲು ನೆತ್ತಿಯ ಮೇಲಿದ್ದಾಗ, ಒಂದರಿಂದ ಮೂರರ ನಡುವೆ. ಮೂರೂವರೆಯ ಮೇಲೆ ಡಿಸೆಂಬರಿನ ಗಾಳಿ ಒದ್ದೆ ಮೈಗೆ ತಾಗಿದರೆ ನಮ್ಮ ಬಿಸಿಲುನಾಡಿನ ಮಕ್ಕಳು ನಡುಗಿಬಿಡುತ್ತಾರೆ. ನೀರಿನ ಆಟಗಳು ಒಣ ಆಟಗಳಿಗಿಂತ ಬೇಗ ಮುಚ್ಚುವುದರಿಂದಲೂ ಕೊನೆಗೆ ಇಟ್ಟುಕೊಳ್ಳಬೇಡಿ.

ಇಪ್ಪತ್ತು ನಿಮಿಷ ನೀರು, ಹತ್ತು ನಿಮಿಷ ಬಿಸಿಲು. ಚಿಕ್ಕ ಮೈಯಿಂದ ಶಾಖ ಬೇಗ ಹೋಗುತ್ತದೆ. ಆಟದ ಮತ್ತಿನಲ್ಲಿ ಮಗು ಚಳಿ ಅಂತ ಹೇಳುವುದಿಲ್ಲ, ತುಟಿ ನೋಡಬೇಕು. ನೀಲಿ ತಿರುಗಿದರೆ, ಹಲ್ಲು ಕಟಕಟ ಎಂದರೆ ಅಲ್ಲಿಗೆ ನಿಲ್ಲಿಸಿ, ಒದ್ದೆ ಉಡುಪು ಪೂರ್ತಿ ಬಿಚ್ಚಿ ಒರೆಸಿ, ಒಣ ಬಟ್ಟೆ ಹಾಕಿ, ಬಿಸಿ ಹಾಲು ಕುಡಿಸಿ. ಒದ್ದೆ ಉಡುಪಿನ ಮೇಲೆಯೇ ಟವೆಲ್ ಸುತ್ತುವುದು ಸಾಮಾನ್ಯ ತಪ್ಪು, ಅದರಿಂದ ಮೈ ಬೆಚ್ಚಗಾಗುವುದಿಲ್ಲ, ಟವೆಲ್ ಒದ್ದೆಯಾಗುತ್ತದೆ ಅಷ್ಟೆ.

ಅಲೆಯ ಕೊಳದಲ್ಲಿ ಮಗುವಿನ ಹೊಕ್ಕುಳ ಮುಟ್ಟುವಷ್ಟು ನೀರಿಗಿಂತ ಮುಂದೆ ಹೋಗಬೇಡಿ, ಅಲೆ ಬಂದಾಗ ಅದೇ ನೀರು ಕುತ್ತಿಗೆಗೆ ಬರುತ್ತದೆ. ಒಂದಡಿ ನೀರಿನಲ್ಲೂ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬ ದೊಡ್ಡವರು ಇರಲೇಬೇಕು. ಅತ್ತೆ, ಚಿಕ್ಕಪ್ಪ, ಮಾವ ಎಲ್ಲ ಸೇರಿ ಹೋದಾಗಲೇ ಅಪಾಯ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಸರದಿ ಬದಲಿಸುವಾಗ ಬಾಯಿಬಿಟ್ಟು ಹೇಳಿ: “ಈಗ ನೀವು ನೋಡ್ಕೋರಿ.” ಆ ಕಡೆಯಿಂದ “ಹ್ಞೂಂ, ನೋಡ್ತೀನ್ರಿ” ಅಂತ ಬರುವವರೆಗೆ ಜಾಗ ಬಿಡಬೇಡಿ.

ನೀರಿನಿಂದ ಹೊರಬಂದ ಮೇಲೆ ತಲೆ ಒಣಗಿಸಿ, ಟೊಪ್ಪಿ ಹಾಕಿ, ಬಿಸಿಲಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಿಸಿ. ಕೂಸು ಅಲ್ಲೇ ಮಲಗಿದರೆ ಮಲಗಲಿ. ನಾಲ್ಕರ ಮೇಲೆ ಶಾಲೆ ಬಸ್ಸುಗಳು ಹೊರಟಾಗ ಬೆಳಗ್ಗೆ ಇಷ್ಟವಾದ ಒಂದೆರಡು ಆಟ ಮತ್ತೆ ಆಡಿಸಿ, ಮುಚ್ಚುವ ಅರ್ಧ ಗಂಟೆ ಮುಂಚೆ ಲಾಕರ್ ಖಾಲಿ ಮಾಡಿ. ಕೊನೆಗೆ ಬಂದರೆ ಲಾಕರ್ ಠೇವಣಿ ವಾಪಸ್ ಪಡೆಯುವ ಸಾಲೇ ಅತಿ ಉದ್ದ. ಆ ರಾತ್ರಿಯೂ ಅಲ್ಲೇ ಉಳಿಯಿರಿ, ಮರುದಿನ ತಿಂಡಿ ತಿಂದು ಊರ ಕಡೆ ಹೊರಡಿ. ಒದ್ದೆ ಬಟ್ಟೆಯ ಚೀಲದ ಬಾಯಿ ಬಿಚ್ಚಿ ಕೋಣೆಯ ಫ್ಯಾನಿನ ಕೆಳಗೆ ಹರವಲು ಮರೆಯಬೇಡಿ, ಕಟ್ಟಿಟ್ಟ ಚೀಲ ಕೊಪ್ಪಳ ಮುಟ್ಟುವಷ್ಟರಲ್ಲಿ ನಾರುತ್ತಿರುತ್ತದೆ.